ಜ್ವರ ಇಳಿದ ಮೇಲೆ

ಹುಬ್ಬಳ್ಳಿ ಮತ್ತು ಧಾರವಾಡ ನಗರಗಳ ನಡುವಣ ದಾರಿಯಲ್ಲಿ ಸತ್ತೂರ ಎಂಬ ಊರಿದೆ. ಇಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವೈದ್ಯಕೀಯ ಮಹಾವಿದ್ಯಾಲಯವೂ ಅದರ ದೊಡ್ಡ ಆಸ್ಪತ್ರೆಯೂ ಇವೆ. ಇಂತಹ ಆಸ್ಪತ್ರೆಗಳಿಗೆ ಸುತ್ತಣ ಹಳ್ಳಿಗಳಿಂದ ಬರುವ ರೋಗಿಗಳಲ್ಲಿ ಮಿದುಳುಜ್ವರದಿಂದ ಎಚ್ಚರ ತಪ್ಪಿದ ಮಕ್ಕಳೂ ಇರುತ್ತಾರೆ. ವೈದ್ಯರು ಹಗಲಿರುಳು ಶ್ರಮಿಸಿ ಅವರ ಪ್ರಾಣವನ್ನು ಉಳಿಸುತ್ತಾರೆ. ಮಗು ಕಣ್ಣು ತೆರೆದು ತಾಯಿಯನ್ನು ಗುರುತಿಸಿದಾಗ, ಗಂಡಾಂತರ ಕಳೆಯಿತೆಂದು ಮನೆಯವರು ಸಮಾಧಾನದ ಉಸಿರು ಬಿಡುತ್ತಾರೆ. ಗಂಡಾಂತರ ಕಳೆದದ್ದು ನಿಜ. ಆದರೆ ಕೆಲವು ಮಕ್ಕಳ ಪಾಲಿಗೆ ದೀರ್ಘವಾದ ಇನ್ನೊಂದು ಹೋರಾಟ ಆಗ ತಾನೇ ಆರಂಭವಾಗುತ್ತದೆ.

ಜನರು ಮಿದುಳುಜ್ವರವೆಂದು ಕರೆಯುವುದು ಒಂದೇ ಕಾಯಿಲೆಯನ್ನಲ್ಲ. ರೋಗಾಣುಗಳು ಮಿದುಳನ್ನು ಸುತ್ತಿರುವ ಪೊರೆಗೆ ತಗಲಿದರೆ ಒಂದು ಬಗೆ. ಮಿದುಳಿಗೇ ತಗಲಿದರೆ ಇನ್ನೊಂದು ಬಗೆ. ಕ್ಷಯದ ರೋಗಾಣು ಮೊದಲ್ಗೊಂಡು ಹಲವು ಬಗೆಯ ವೈರಸ್ಸುಗಳವರೆಗೆ ಇದಕ್ಕೆ ಕಾರಣಗಳು ಅನೇಕ. ಕರ್ನಾಟಕದಲ್ಲಿ ಕೋಲಾರ, ಮಂಡ್ಯ, ಬಳ್ಳಾರಿ ಮುಂತಾದ ಜಿಲ್ಲೆಗಳನ್ನು ಕಾಡಿದ ಜಪಾನೀ ಮಿದುಳುಜ್ವರವು ಅವುಗಳಲ್ಲಿ ಒಂದು. ಗದ್ದೆಯ ನೀರಿನಲ್ಲಿ ಬೆಳೆಯುವ ಒಂದು ಜಾತಿಯ ಸೊಳ್ಳೆಯು ಹಂದಿಗಳಿಂದ ಹಾಗೂ ಬೆಳ್ಳಕ್ಕಿಯಂತಹ ನೀರುಹಕ್ಕಿಗಳಿಂದ ಈ ವೈರಸ್ಸನ್ನು ಮನುಷ್ಯರಿಗೆ ಸಾಗಿಸುತ್ತದೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಸೋಂಕು ತಗಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಉಲ್ಬಣಿಸುತ್ತದೆ. ಹಾಗೆ ಉಲ್ಬಣಿಸಿದಾಗ ಬದುಕಿ ಉಳಿದವರಲ್ಲಿಯೂ ಅನೇಕರಿಗೆ ಅದರ ಗುರುತು ಉಳಿದುಬಿಡುತ್ತದೆ.

ಆ ಗುರುತು ಮಾತಿನಲ್ಲಿ ಏಕೆ ಕಾಣಿಸಿಕೊಳ್ಳುತ್ತದೆ? 1861ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ಎಂಬಾತನು ಒಬ್ಬ ರೋಗಿಯನ್ನು ಪರೀಕ್ಷಿಸಿದನು. ಆ ರೋಗಿಯು ಇತರರ ಮಾತನ್ನು ಬಹುಮಟ್ಟಿಗೆ ಗ್ರಹಿಸುತ್ತಿದ್ದನು. ಆದರೆ ಅವನ ಬಾಯಿಂದ ಹೊರಡುತ್ತಿದ್ದುದು ‘ತಾನ್’ ಎಂಬ ಒಂದೇ ಶಬ್ದ. ಅವನು ತೀರಿಕೊಂಡ ಮೇಲೆ ನೋಡಿದಾಗ ಮಿದುಳಿನ ಎಡಪಾರ್ಶ್ವದ ಮುಂಭಾಗವು ಹಾಳಾಗಿತ್ತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆಯು, ಎಡಪಾರ್ಶ್ವದಲ್ಲಿ ಇನ್ನೂ ಹಿಂದಿರುವ ಬೇರೊಂದು ಭಾಗ ಕೆಟ್ಟರೆ ಮಾತನ್ನು ಅರಿಯುವ ಶಕ್ತಿಯೇ ಕುಂದುವುದೆಂದು ತೋರಿಸಿದನು. ಸೋಂಕು ಇಂತಹ ಒಂದೇ ಎಡೆಯಲ್ಲಿ ನಿಲ್ಲಬೇಕೆಂಬ ನಿಯಮವಿಲ್ಲ. ಅದರಿಂದ ಉಂಟಾದ ಊತವು ಸ್ಮರಣೆ, ಗಮನ, ವಿವೇಚನೆಗಳಿಗೆ ಸಂಬಂಧಿಸಿದ ಭಾಗಗಳನ್ನೂ ಘಾಸಿಗೊಳಿಸಬಲ್ಲದು.

ಇಂತಹ ಕಾಯಿಲೆಯಿಂದ ಎದ್ದು ಶಾಲೆಗೆ ಮರಳಿದ ಬಾಲಕಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಅವಳ ಕೈಕಾಲು ನೆಟ್ಟಗಿವೆ, ಮುಖದಲ್ಲಿ ಕಳೆಯಿದೆ. ಆದರೆ ಸತ್ತೂರಿಗೆ ಸಮೀಪದ ನವಲೂರಿನ ಹೆಸರಾಂತ ಪೇರಲ ಹಣ್ಣನ್ನು ಮುಂದಿಟ್ಟರೆ ಅದರ ಹೆಸರು ಅವಳಿಗೆ ಹೊಳೆಯುವುದಿಲ್ಲ. ಅದರ ರುಚಿಯನ್ನು ಅವಳು ಬಲ್ಲಳು, ಒಳಗೆ ಬೀಜಗಳಿವೆಯೆಂಬುದನ್ನೂ ಬಲ್ಲಳು. ಪದ ಮಾತ್ರ ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ‘ನಾಳೆ ವಿಜ್ಞಾನದ ಮೂರನೆಯ ಪಾಠವನ್ನು ಓದಿ, ಅದರ ಎರಡನೆಯ ಚಿತ್ರವನ್ನು ಬರೆದುಕೊಂಡು ಬನ್ನಿರಿ’ ಎಂದು ಗುರುಗಳು ಹೇಳಿದರೆ, ‘ಬನ್ನಿರಿ’ ಎಂಬಲ್ಲಿಗೆ ತಲುಪುವವರೆಗೆ ಹಿಂದಿನ ಪದಗಳನ್ನೆಲ್ಲ ಮನಸ್ಸು ಹಿಡಿದಿಟ್ಟುಕೊಳ್ಳಬೇಕು. ನೆನಪು ದುರ್ಬಲವಾದವಳಿಗೆ ಕೊನೆ ಬರುವಷ್ಟರಲ್ಲಿ ಮೊದಲು ಜಾರಿಹೋಗಿರುತ್ತದೆ. ಹತ್ತು ನಿಮಿಷ ಓದುವಷ್ಟರಲ್ಲಿ ತಲೆ ಭಾರವಾಗುತ್ತದೆ. ಸಣ್ಣ ಮಾತಿಗೂ ಸಿಟ್ಟು ಬರುತ್ತದೆ.

ಮುರಿದ ಕಾಲಿಗೆ ಕಟ್ಟಿದ ಪಟ್ಟಿಯನ್ನು ಎಲ್ಲರೂ ಕಾಣುತ್ತಾರೆ. ಮಿದುಳಿನ ಗಾಯ ಯಾರ ಕಣ್ಣಿಗೂ ಬೀಳದು. ಆದುದರಿಂದಲೇ ನೋಡುವವರು ಅವಳನ್ನು ಸೋಮಾರಿಯೆಂದೋ ಹಠಮಾರಿಯೆಂದೋ ತಿಳಿಯುತ್ತಾರೆ. ಮೊದಲು ಚುರುಕಾಗಿದ್ದವಳು ಈಗ ಬೇಕೆಂದೇ ಹೀಗೆ ಮಾಡುತ್ತಾಳೆಂದು ಗದರಿಸುವವರೂ ಉಂಟು. ತಾನು ಹಿಂದೆ ಹೇಗಿದ್ದೆನೆಂಬುದು ಅವಳಿಗೆ ನೆನಪಿರುವುದರಿಂದ ಆ ಮಾತು ಕಾಯಿಲೆಗಿಂತ ಹೆಚ್ಚು ನೋಯಿಸುತ್ತದೆ. ಒಮ್ಮೆ ನಗೆಗೀಡಾದವಳು ಮತ್ತೆ ಬಾಯಿ ತೆರೆಯಲು ಅಂಜುತ್ತಾಳೆ. ಮಾತನಾಡದೆ ಮಾತು ಮರಳದು.

ನಿರಾಶೆಗೆ ಕಾರಣವಿಲ್ಲ. ಎಳೆಯ ಮಿದುಳಿಗೆ ಹೊಸ ಹಾದಿಗಳನ್ನು ರೂಢಿಸಿಕೊಳ್ಳುವ ಶಕ್ತಿಯಿದೆ. ಎಲ್ಲರಲ್ಲಿಯೂ ಅದು ಪೂರ್ಣವಾಗಿ ಕೈಗೂಡದಿದ್ದರೂ, ಬೇಗನೆ ಆರಂಭಿಸಿದ ಅಭ್ಯಾಸದಿಂದ ಬಹಳಷ್ಟು ಪ್ರಯೋಜನವುಂಟು. ಮಾತಿನ ಚಿಕಿತ್ಸೆ ನೀಡುವ ತಜ್ಞರು ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸುತ್ತಾರೆ. ಮೊದಲ ಅಕ್ಷರದ ಸುಳಿವು ಕೊಟ್ಟು ಪದವನ್ನು ಹೊರಡಿಸುತ್ತಾರೆ. ದಿನಚರಿಯನ್ನು ಬರೆದಿಟ್ಟುಕೊಳ್ಳಲು ಕಲಿಸುತ್ತಾರೆ. ಇಂತಹ ತಜ್ಞರನ್ನು ತರಬೇತುಗೊಳಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಯಿತು. ಮಿದುಳಿನ ಹಾನಿಯಿಂದ ಉಂಟಾಗುವ ಶಾಶ್ವತವಾದ ಮಾತು ಹಾಗೂ ಭಾಷೆಯ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಅಂಗೀಕರಿಸಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯವನ್ನು ಕೇಳುವುದು ಅಂಥವರಿಗೆ ಭಿಕ್ಷೆಯಲ್ಲ, ಹಕ್ಕು.

ಜಪಾನೀ ಮಿದುಳುಜ್ವರಕ್ಕೆ ಲಸಿಕೆಯಿದೆ. 2022ರ ಡಿಸೆಂಬರಿನಲ್ಲಿ ಧಾರವಾಡದ ನೆರೆಯ ಗದಗ, ಹಾವೇರಿಗಳೂ ಸೇರಿದಂತೆ ರಾಜ್ಯದ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಅದನ್ನು ಹಾಕುವ ವಿಶೇಷ ಅಭಿಯಾನ ನಡೆಯಿತು. ರೋಗವನ್ನು ತಡೆಯುವುದು ಸರಕಾರ ಹಾಗೂ ಹಿರಿಯರ ಹೊಣೆಯಾದರೆ, ರೋಗದಿಂದ ಎದ್ದು ಬಂದವರನ್ನು ತರಗತಿಗೆ ಬರಮಾಡಿಕೊಳ್ಳುವುದು ಸಹಪಾಠಿಗಳ ಹೊಣೆ. ಅದಕ್ಕೆ ಹಣ ಬೇಕಿಲ್ಲ. ಒಂದು ಸಲಕ್ಕೆ ಒಂದೇ ವಿಷಯವನ್ನು ಸಣ್ಣ ವಾಕ್ಯದಲ್ಲಿ ಹೇಳಬೇಕು. ತಪ್ಪಿಹೋದ ಟಿಪ್ಪಣಿಯನ್ನು ಬರೆದು ಕೊಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆಕೆ ಪದಕ್ಕಾಗಿ ತಡಕಾಡುವಾಗ ನಗದೆ, ಅವಸರಪಟ್ಟು ತಾವೇ ವಾಕ್ಯವನ್ನು ಮುಗಿಸದೆ, ಅರೆಗಳಿಗೆ ಕಾಯಬೇಕು. ಆ ಅರೆಗಳಿಗೆಯ ತಾಳ್ಮೆಯಲ್ಲಿ ಎಷ್ಟೋ ಮಾತುಗಳು ಮರಳಿ ಬಂದಾವು.