ಎರಡು ಫೋನಿನ ನಡುವೆ ಐದು ಮೀಟರು

ಮಕ್ಕಳು ಕೂಡಿ ಕಲಿಯಬೇಕೆಂದರೆ ಒಬ್ಬರಿಂದ ಆಗದ ಕೆಲಸವನ್ನೇ ಕೊಡಬೇಕು. ಇಲ್ಲದಿದ್ದರೆ ಒಬ್ಬ ಮಾಡುತ್ತಾನೆ, ಉಳಿದವರು ಇಣುಕುತ್ತಾರೆ. ಕೈಗೆ ಫೋನು ಬಂತೆಂದರಂತೂ ಕೇಳುವುದೇ ಬೇಡ. ಒಂಬತ್ತನೇ ತರಗತಿಗೆ ವಿಜ್ಞಾನ ಹೇಳುವ ನನಗೆ ಅಂಥ ಕೆಲಸ ಸಿಕ್ಕಿದ್ದು ಫೈಫಾಕ್ಸ್ ಆ್ಯಪಿನಲ್ಲಿ. ಜರ್ಮನಿಯ ಆಖೆನ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಉಚಿತ ಆ್ಯಪ್ ಇದು. ಫೋನಿನ ಮೈಕು, ಸೆನ್ಸರ್‌ಗಳನ್ನೇ ಅಳತೆಯ ಉಪಕರಣವಾಗಿಸುತ್ತದೆ. ಒಮ್ಮೆ ಇಳಿಸಿಕೊಂಡರೆ ಪ್ರಯೋಗಕ್ಕೆ ನೆಟ್‌ವರ್ಕ್ ಬೇಕಿಲ್ಲ.

ಅದರಲ್ಲಿ ಸದ್ದಿಗೆ ಓಡಿ ಸದ್ದಿಗೇ ನಿಲ್ಲುವ ಗಡಿಯಾರವೊಂದಿದೆ. ನನ್ನ ಫೋನು, ಗಣಿತದ ಸರ್ ಫೋನು, ಎರಡನ್ನೂ ಅಂಗಳದಲ್ಲಿ ಐದು ಮೀಟರ್ ಅಂತರದಲ್ಲಿ ಇಟ್ಟೆವು. ಮೊದಲ ಫೋನಿನ ಬಳಿ ಒಬ್ಬಳು ಚಪ್ಪಾಳೆ ಹೊಡೆದಳು, ಎರಡೂ ಗಡಿಯಾರ ಓಡಿದವು. ಎರಡನೆಯದರ ಬಳಿ ಇನ್ನೊಬ್ಬ ಹೊಡೆದ, ಎರಡೂ ನಿಂತವು. ಒಂದರಲ್ಲಿ 1.482 ಸೆಕೆಂಡು, ಇನ್ನೊಂದರಲ್ಲಿ 1.453.

"ಸರ್, ನಿಮ್ಮ ಫೋನು ತಪ್ಪೈತ್ರಿ!"

ನಾನು ಬಾಯಿ ಬಿಡಲಿಲ್ಲ. ಈ ಪ್ರಯೋಗದಲ್ಲಿ ಮೇಷ್ಟ್ರಿಗೆ ಇರುವ ಅತಿ ಕಷ್ಟದ ಪಾತ್ರ ಅದೇ. ಫೋನು ಅದಲುಬದಲು ಮಾಡಿ ನೋಡಿದರು. ಮೊದಲ ಚಪ್ಪಾಳೆಯ ಕಡೆ ಇದ್ದದ್ದೇ ಹೆಚ್ಚು ತೋರಿಸಿತು. ಕೊನೆಗೆ ಟೇಪು ಹಿಡಿದಿದ್ದ ಹುಡುಗಿ ನೆಲದ ಮೇಲೆ ಗೆರೆ ಎಳೆದಳು: ಮೊದಲ ಚಪ್ಪಾಳೆ ಆ ಕಡೆ ತಲುಪುವಷ್ಟರಲ್ಲಿ ಅಲ್ಲಿನ ಗಡಿಯಾರ ತಡವಾಗಿ ಶುರು, ಎರಡನೆಯದು ಈ ಕಡೆ ಬರುವಷ್ಟರಲ್ಲಿ ಇಲ್ಲಿನದು ತಡವಾಗಿ ಬಂದ್. ಅಂದರೆ ವ್ಯತ್ಯಾಸದ 0.029 ಸೆಕೆಂಡಿನಲ್ಲಿ ಸದ್ದು ಹೋಗಿ ಬಂದದ್ದು ಹತ್ತು ಮೀಟರು. ಭಾಗಿಸಿದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಪುಸ್ತಕದಲ್ಲಿ 22 ಡಿಗ್ರಿಗೆ 344 ಎಂದಿದೆ.

ಇನ್ನೊಂದು ಗುಂಪಿಗೆ 294 ಬಂತು. ನಿಜವಾದ ಪಾಠ ಶುರುವಾದದ್ದು ಅಲ್ಲಿಂದ. ಸರಿ ಉತ್ತರವನ್ನು ಎಐ ಕೂಡ ಥಟ್ಟನೆ ಹೇಳೀತು. ನಮಗೇಕೆ 294 ಬಂತು ಎನ್ನುವುದನ್ನು ಅಂಗಳದಲ್ಲಿದ್ದವರೇ ಹುಡುಕಬೇಕು. ಟೇಪು ಸಡಿಲವಿತ್ತೇ? ಬಿಸಿಯೂಟದ ತಟ್ಟೆಗಳ ಸದ್ದಿಗೆ ಗಡಿಯಾರ ಓಡಿತೇ? ಐದು ಮಿಲಿಸೆಕೆಂಡಿನ ತಪ್ಪಿಗೆ ಇಷ್ಟು ಏರುಪೇರಾದರೆ ದೂರ ಹೆಚ್ಚಿಸಬೇಕು ಎಂದು ಅವರೇ ತೀರ್ಮಾನಿಸಿ ಹತ್ತು ಮೀಟರಿಗೆ ಹೋದರು. ಅಲ್ಲಿಗೆ ಚಪ್ಪಾಳೆ ಸಾಲಲಿಲ್ಲ; ಸ್ಟೀಲ್ ತಟ್ಟೆ, ಸೌಟು ಬಂದವು.

ಒಂದು ಕಟ್ಟುಪಾಡು ಮಾತ್ರ ನನ್ನದು: ಫೋನು ಮುಟ್ಟಿದವರು ಲೆಕ್ಕ ಮಾಡಕೂಡದು, ಲೆಕ್ಕ ಬರೆದವರು ಫೋನು ಮುಟ್ಟಕೂಡದು. ಇದಿಲ್ಲದಿದ್ದರೆ ಗಟ್ಟಿ ದನಿಯ ಹುಡುಗರೇ ಎರಡನ್ನೂ ಹಿಡಿದು ಕೂರುತ್ತಾರೆ. ಶಾಲೆಗೆ ತಲೆಗೊಂದು ಟ್ಯಾಬ್ ಕೊಡಿಸುವ ದಾನಿಗಳನ್ನು ಕಂಡರೆ ನನಗೀಗ ಸ್ವಲ್ಪ ಅಳುಕು.

ಸದ್ಯದ ತಕರಾರು ಬಿಸಿಲಿನದು. ಒಂದು ಡಿಗ್ರಿ ಏರಿದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೂ ಮಧ್ಯಾಹ್ನಕ್ಕೂ ಅಳೆದರು, ವ್ಯತ್ಯಾಸ ಸಿಗಲಿಲ್ಲ. ಹತ್ತು ಮೀಟರಿನಲ್ಲಿ ಅದು ಮಿಲಿಸೆಕೆಂಡಿನಷ್ಟೂ ದಾಟುವುದು ಕಷ್ಟ. ಹಾಗಾಗಿ ಕೆರೆ ಏರಿಯ ಮೇಲೆ ನೂರು ಮೀಟರ್ ಅಳೆದು, ಎರಡೂ ತುದಿಗೆ ಹಲಗಿ ಬಾರಿಸುವ ಯೋಜನೆ ಹೆಡ್‌ಮಾಸ್ಟರ್ ಒಪ್ಪಿಗೆಗೆ ಕಾದಿದೆ.