ಟೈಮರ್ ಮುಟ್ಟುವ ಮುನ್ನ

ಮಗೂ, ಯಂತ್ರ ಆಗೊಮ್ಮೆ ಈಗೊಮ್ಮೆ ಮಾತ್ರ ಎಡವುತ್ತಿದ್ದರೆ, ಅದನ್ನು ನಡೆಸುವ ಪಿಎಲ್‌ಸಿಯೊಳಗೆ ಕೈ ಹಾಕಿ ಟೈಮರ್‌ಗೆ ಅರ್ಧ ಸೆಕೆಂಡ್ ಸೇರಿಸಿಬಿಡೋಣ ಅನ್ನಿಸುವುದು ಸಹಜ. ಅಂದಿಗೆ ಲೈನು ಓಡುತ್ತದೆ, ಸೂಪರ್‌ವೈಸರ್ ಬೆನ್ನು ತಟ್ಟುತ್ತಾರೆ. ಮುಂದೆಂದೋ ಯಾರೋ ಲೈನಿನ ವೇಗ ಹೆಚ್ಚಿಸಿದಾಗ ಅದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಆಗ ಆ ಅರ್ಧ ಸೆಕೆಂಡ್ ಅಲ್ಲಿ ಯಾಕಿದೆ ಎಂದು ಹೇಳುವವರೇ ಇರುವುದಿಲ್ಲ. ಪೀಣ್ಯದ ಶೆಡ್ಡಿನಲ್ಲಿ ಕಂಡದ್ದನ್ನೇ ಬ್ರಿಸ್ಬೇನಿನ ಪ್ಯಾಕಿಂಗ್ ಲೈನಿನಲ್ಲೂ ಕಂಡಿದ್ದೇನೆ.

ಮೊದಲು ಸ್ಕ್ಯಾನ್ ಟೈಮ್ ನೋಡು. ಪಿಎಲ್‌ಸಿ ಇನ್‌ಪುಟ್ ಓದುತ್ತದೆ, ಪ್ರೋಗ್ರಾಂ ಓಡಿಸುತ್ತದೆ, ಔಟ್‌ಪುಟ್ ಬರೆಯುತ್ತದೆ, ಮತ್ತೆ ಮೊದಲಿಂದ ಶುರು. ಅಡುಗೆ ಮಾಡುತ್ತಲೇ ನಡುನಡುವೆ ಬಾಗಿಲು ತೆರೆದು ನೋಡುವ ಮನೆಯಾಕೆಯ ಹಾಗೆ. ಅವಳು ಒಲೆಯ ಮುಂದಿದ್ದಾಗ ಬಂದು ಹೋದ ನೆಂಟ ಲೆಕ್ಕಕ್ಕಿಲ್ಲ. ಕನ್ವೇಯರ್ ಸೆಕೆಂಡಿಗೆ ಒಂದು ಮೀಟರ್ ಓಡುತ್ತಿದೆ, ಸೆನ್ಸರ್ ಮುಂದೆ ಹಾಯುವ ತಗಡಿನ ಅಗಲ 10 ಮಿಲಿಮೀಟರ್ ಅಂದುಕೋ. ಸಿಗ್ನಲ್ ಇರುವುದೇ 10 ಮಿಲಿಸೆಕೆಂಡ್. ಸ್ಕ್ಯಾನ್ 20 ಇದ್ದರೆ ಹೆಚ್ಚುಕಡಿಮೆ ಎರಡರಲ್ಲೊಂದು ತಪ್ಪುತ್ತದೆ. ಅದನ್ನು ಯಾರಾದರೂ ಹಿಡಿಯುತ್ತಾರೆ. ಸತಾಯಿಸುವುದು, ಸದಾ 8ರಲ್ಲಿದ್ದು ಉತ್ಪನ್ನದ ರೆಸಿಪಿ ಬದಲಿಸುವಾಗ ಮಾತ್ರ 14ಕ್ಕೆ ಏರುವ ಸ್ಕ್ಯಾನ್. ‘ಆಗೊಮ್ಮೆ ಈಗೊಮ್ಮೆ’ ಎಂಬ ದೂರು ಹುಟ್ಟುವುದೇ ಅಲ್ಲಿ. ಹಾಗಾಗಿ ಸರಾಸರಿ ನೋಡಿ ಸಮಾಧಾನಪಡಬೇಡ, ಗರಿಷ್ಠ ಎಷ್ಟು ನೋಡು. ಇನ್‌ಪುಟ್ ಕಾರ್ಡಿನ ಫಿಲ್ಟರ್ ಕೂಡ ಕೆಲವು ಮಿಲಿಸೆಕೆಂಡ್ ನುಂಗುತ್ತದೆ. ಇಂಥ ಕಡೆ ಬೇಕಾದ್ದು ಇಂಟರಪ್ಟ್ ಇನ್‌ಪುಟ್ ಅಥವಾ ಹೈಸ್ಪೀಡ್ ಕೌಂಟರ್.

ಸ್ಕ್ರೀನಿನ ಟ್ರೆಂಡನ್ನು ಪೂರ್ತಿ ನಂಬಬೇಡ. ಸೆಕೆಂಡಿಗೊಮ್ಮೆ ಕೇಳಿ ಎಳೆದ ಗೆರೆಯಲ್ಲಿ 10 ಮಿಲಿಸೆಕೆಂಡಿನ ಸಂಗತಿ ಕಾಣುವುದಾದರೂ ಹೇಗೆ? ಆಸಿಲೋಸ್ಕೋಪನ್ನು ತಂತಿಗೇ ಹಚ್ಚು. ಇಲ್ಲವೇ ಪಿಎಲ್‌ಸಿಯೊಳಗೆ ನಾಲ್ಕು ಸಾಲು ಬರೆದು, ಮೊದಲು ಬಿದ್ದ ಇಂಟರ್‌ಲಾಕ್ ಯಾವುದೆಂದು ಹಿಡಿದಿಡು. ಒಂದು ಟ್ರಿಪ್ ಹತ್ತು ಅಲಾರಂ ಎಬ್ಬಿಸುತ್ತದೆ. ಒಂಬತ್ತು ಬರೀ ಅದರ ಬಾಲ.

ಮೊದಲು ಯಾವುದು, ಆಮೇಲೆ ಯಾವುದು ಎಂಬ ಈ ಪ್ರಶ್ನೆ ಒಂದು ರಾಜ್ಯದಷ್ಟು ದೊಡ್ಡದಾದದ್ದೂ ಉಂಟು. 2016ರ ಸೆಪ್ಟೆಂಬರ್ 28ರಂದು ಅಡಿಲೇಡ್ ಸೇರಿ ಇಡೀ ದಕ್ಷಿಣ ಆಸ್ಟ್ರೇಲಿಯಾದ ವಿದ್ಯುತ್ ಹೋಯಿತು. ಸುಂಟರಗಾಳಿಗೆ ಟವರ್‌ಗಳು ಉರುಳಿದ್ದು ನಿಜ. ಗಾಳಿಯಂತ್ರಗಳನ್ನು ನಂಬಿದ್ದೇ ತಪ್ಪು ಎಂದು ಬೈದವರೂ ಇದ್ದರು. ವಿದ್ಯುತ್ ಮಾರುಕಟ್ಟೆ ನಡೆಸುವ ಎಇಎಂಒ 2017ರ ಮಾರ್ಚಿನಲ್ಲಿ ಕೊಟ್ಟ ವರದಿ ಓದು. ನಮ್ಮ ಕಸುಬಿನವರಿಗೆ ಅದು ಪತ್ತೇದಾರಿ ಕಾದಂಬರಿ. ಎರಡು ನಿಮಿಷದಲ್ಲಿ ವೋಲ್ಟೇಜ್ ಆರು ಸಲ ಕುಸಿದಿತ್ತು. ಎಂಟು ವಿಂಡ್‌ಫಾರ್ಮ್‌ಗಳ ಟರ್ಬೈನ್‌ಗಳಲ್ಲಿ, ಎರಡು ನಿಮಿಷದೊಳಗೆ ಇಂತಿಷ್ಟೇ ಕುಸಿತ ತಡೆದುಕೊಳ್ಳುವ ಸೆಟ್ಟಿಂಗ್ ಇತ್ತು. ಎಣಿಕೆ ಮುಗಿದದ್ದೇ ತಡ, ಏಳು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ 456 ಮೆಗಾವ್ಯಾಟ್ ಇಳಿಯಿತು. ಆ ಹೊರೆಯೆಲ್ಲ ವಿಕ್ಟೋರಿಯಾದಿಂದ ಬರುವ ಹೇವುಡ್ ಲೈನಿನ ಮೇಲೆ ಬಿತ್ತು. ಕೊನೆಯ ಫಾರ್ಮ್ ಇಳಿದು ಸುಮಾರು 700 ಮಿಲಿಸೆಕೆಂಡಿಗೆ ಅದೂ ಟ್ರಿಪ್. ಗಾಳಿ ನಿಂತು ಯಂತ್ರ ನಿಂತದ್ದಲ್ಲ, ಒಂದು ಎಣಿಕೆ ನಿಲ್ಲಿಸಿದ್ದು. ಅದೇ ಎಣಿಕೆಯನ್ನು ಆಮೇಲೆ ಬದಲಿಸಿದರು. ಮಿಲಿಸೆಕೆಂಡಿನ ದಾಖಲೆ ಇಲ್ಲದಿದ್ದರೆ ಬೈಗುಳವಷ್ಟೇ ಉಳಿಯುತ್ತಿತ್ತು.

ವರದಿಯಲ್ಲಿ ಕತ್ತಲಾದ ಹೊತ್ತು ಸಂಜೆ 4:18. ಅಡಿಲೇಡಿನ ಮನೆ ಗಡಿಯಾರದಲ್ಲಿ ಆಗ 3:48. ಎಇಎಂಒ ವರ್ಷವಿಡೀ ಬ್ರಿಸ್ಬೇನ್ ವೇಳೆ ಇಟ್ಟುಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ನಿನಗೆ ಎದುರಾಗುವ ಚಿಕ್ಕ ದೊಡ್ಡ ಗೊಂದಲಗಳಲ್ಲಿ ಇದೂ ಒಂದು. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ 1992ರಲ್ಲಿ, ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾ 2009ರಲ್ಲಿ ಬೇಸಿಗೆ ವೇಳೆ ಬೇಡವೆಂದು ಮತ ಹಾಕಿದವು. ಹಾಗಾಗಿ ಪರ್ತ್ ಯಾವಾಗಲೂ ಬ್ರಿಸ್ಬೇನ್‌ಗಿಂತ ಎರಡು ಗಂಟೆ ಹಿಂದೆ. ಅಡಿಲೇಡ್ ಮಾತ್ರ ಚಳಿಗಾಲದಲ್ಲಿ ಬ್ರಿಸ್ಬೇನ್‌ಗಿಂತ ಅರ್ಧ ಗಂಟೆ ಹಿಂದೆ, ಬೇಸಿಗೆಯಲ್ಲಿ ಅರ್ಧ ಗಂಟೆ ಮುಂದೆ. ಏಪ್ರಿಲ್‌ನ ಮೊದಲ ಭಾನುವಾರ ಅಲ್ಲಿ ನಸುಕಿನ 2ರಿಂದ 3ರ ಗಂಟೆ ಎರಡು ಸಲ ಬರುತ್ತದೆ. ಅಂದಿನ ಲಾಗ್‌ನಲ್ಲಿ ಎರಡು 2:15 ಕಂಡರೆ ಹೆದರಬೇಡ. ದಾಖಲೆಯನ್ನು ಯುಟಿಸಿಯಲ್ಲೇ ಇಡು, ತೋರಿಸುವಾಗ ಮಾತ್ರ ಸ್ಥಳೀಯ ವೇಳೆ. ಪರ್ತ್‌ನಲ್ಲಿ ಕುಳಿತು ಸುಮಾರು 1500 ಕಿಲೋಮೀಟರ್ ದೂರದ ಪಿಲ್ಬರಾ ಗಣಿಗಳನ್ನು ನಡೆಸುವ ಕಡೆ ಕೆಲಸ ಸಿಕ್ಕರೆ ಇನ್ನೊಂದನ್ನು ಕೇಳು: ಈ ವೇಳೆ ಯಂತ್ರದ ಬಳಿ ಬಿದ್ದ ಮುದ್ರೆಯೋ, ಸುದ್ದಿ ಸರ್ವರ್ ತಲುಪಿದಾಗ ಬಿದ್ದದ್ದೋ? ಎರಡನೆಯದಾದರೆ ಅಲಾರಂಗಳ ಸರದಿಯನ್ನು ನೆಚ್ಚಿ ತೀರ್ಪು ಕೊಡಬೇಡ.

ಲಾಗ್ ಹೇಳದ್ದನ್ನು ಜನ ಹೇಳುವುದೂ ಉಂಟು. ರಾತ್ರಿ ಪಾಳಿಯ ಆಪರೇಟರ್ ‘ಚಳಿಯಿದ್ದಾಗಲೇ ಹೀಗಾಗುತ್ತೆ’ ಎಂದರೆ ನಗಬೇಡ. ಗ್ರೀಸು ಗಟ್ಟಿಯಾದ ಏರ್ ಸಿಲಿಂಡರ್ ನಿಧಾನವಾಗಿ ಚಾಚುತ್ತದೆ, ಟೈಮರ್ ಅದಕ್ಕಾಗಿ ಕಾಯುವುದಿಲ್ಲ. ಸಿಲಿಂಡರ್ ತುದಿಗೊಂದು ಸೆನ್ಸರ್ ಹಾಕಿಸು. ಅಷ್ಟಕ್ಕೆ ಟೈಮರ್ ಸಾಕಲ್ಲ ಎನ್ನುವವರಿದ್ದರೆ, ಜುಲೈ ತಿಂಗಳ ಬೆಳಗಿನ ಜಾವ ಅಡಿಲೇಡಿಗೆ ಬಂದು ಅವರೇ ಲೈನು ಶುರು ಮಾಡಲಿ.