ಸಿಲಿಕಾನಿನ ಒಂದೇ ಪದರ ಸಿಕ್ಕೀತೇ?

ಪ್ರಶ್ನೆ: ನಮ್ಮ ಮನೆಯ ಮಾಡಿನ ಮೇಲಿನ ಸೋಲಾರ್ ಪ್ಯಾನೆಲ್ ಸಿಲಿಕಾನಿನದು. ಗ್ರ್ಯಾಫೀನ್‌ ಥರ ಸಿಲಿಕಾನನ್ನೂ ಒಂದೇ ಪರಮಾಣುವಿನ ದಪ್ಪಕ್ಕೆ ತರಬಹುದೇ? ತಂದರೆ ಅದರ ವಿದ್ಯುತ್ ಗುಣ ಬದಲಾದೀತೇ?
— ಓದುಗರೊಬ್ಬರು, ನಿಲ್ಕುಂದ, ಸಿದ್ದಾಪುರ ತಾಲೂಕು

ಉತ್ತರ: ತರಬಹುದು, ತಂದದ್ದೂ ಆಗಿದೆ. ಆದರೆ ಗ್ರ್ಯಾಫೀನಿನಷ್ಟು ಸಲೀಸಾಗಿ ಅಲ್ಲ. ಪೆನ್ಸಿಲ್ಲಿನ ಗ್ರಾಫೈಟ್ ಹುಟ್ಟಿನಿಂದಲೇ ಪದರು ಪದರು. 2004ರಲ್ಲಿ ಮ್ಯಾಂಚೆಸ್ಟರಿನ ಗೀಮ್ ಮತ್ತು ನೊವೊಸೆಲೊವ್ ಅಂಟುಪಟ್ಟಿ ಒತ್ತಿ ಕಿತ್ತೇ ಇಂಗಾಲದ ಒಂದು ಪದರ, ಅಂದರೆ ಗ್ರ್ಯಾಫೀನ್, ಬಿಡಿಸಿಕೊಂಡರು. ಸಿಲಿಕಾನಿನಲ್ಲಿ ಹಾಗೆ ಬಿಡಿಸಲು ಪದರವೇ ಇಲ್ಲ, ಪ್ರತಿ ಪರಮಾಣುವೂ ನಾಲ್ಕು ದಿಕ್ಕಿಗೆ ಬೆಸೆದುಕೊಂಡಿರುತ್ತದೆ. ಹಾಗಾಗಿ ಯುರೋಪಿನ ವಿಜ್ಞಾನಿಗಳು ನಿರ್ವಾತದಲ್ಲಿ, ಬೆಳ್ಳಿಯ ಹರಳಿನ ಮೇಲೆ ಸಿಲಿಕಾನ್ ಆವಿಯನ್ನು ಕೂರಿಸಿ ಒಂಟಿ ಪದರ ಬೆಳೆಸಿ 2012ರಲ್ಲಿ ತೋರಿಸಿದರು. ಅದೇ ಸಿಲಿಸೀನ್.

ಗ್ರ್ಯಾಫೀನ್ ಚಪ್ಪಟೆ, ಸಿಲಿಸೀನ್ ಚಪ್ಪಟೆಯಲ್ಲ. ಇಂಗಾಲದ ಪರಮಾಣುಗಳ ನಡುವಿನ ದೂರ 1.42 ಆಂಗ್‌ಸ್ಟ್ರಾಮ್, ದೊಡ್ಡ ಗಾತ್ರದ ಸಿಲಿಕಾನಿನಲ್ಲಿ ಸುಮಾರು 2.3. ಮೂರು ಎಲೆಕ್ಟ್ರಾನುಗಳು ನೆರೆಯವುಗಳೊಡನೆ ಗಟ್ಟಿಯಾಗಿ ಬೆಸೆದ ಮೇಲೆ ಉಳಿಯುವ ನಾಲ್ಕನೆಯದಕ್ಕೆ ಅಷ್ಟು ದೂರದಲ್ಲಿ ಸರಿಯಾದ ಜೊತೆ ಸಿಗುವುದಿಲ್ಲ. ಒಂದು ಬಿಟ್ಟು ಒಂದು ಪರಮಾಣು, ಬಿದಿರು ತಟ್ಟಿಯ ಹೆಣಿಗೆಯ ಹಾಗೆ, ಚೂರು ಮೇಲೆ ಚೂರು ಕೆಳಗೆ ಸರಿದು ನಿಲ್ಲುತ್ತದೆ. ಈ ಅರೆಬರೆ ಬೆಸೆದ ಎಲೆಕ್ಟ್ರಾನಿನಿಂದಲೇ ಎಲ್ಲ ತಂಟೆ. ಗಾಳಿ ತಾಗಿದರೆ ಆಮ್ಲಜನಕ ಅದಕ್ಕೆ ಅಂಟಿಕೊಳ್ಳುತ್ತದೆ. 2015ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಮಾಡಿದ ಸಿಲಿಸೀನ್ ಟ್ರಾನ್ಸಿಸ್ಟರ್ ಗಾಳಿಗೆ ತೆರೆದ ಕೆಲವೇ ನಿಮಿಷದಲ್ಲಿ ಕೆಟ್ಟಿತು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಆ ಎಲೆಕ್ಟ್ರಾನಿನಲ್ಲೇ ಇದೆ. ಬರಿಯ ಸಿಲಿಸೀನಿನಲ್ಲಿ ಬ್ಯಾಂಡ್ ಗ್ಯಾಪ್ (ಕಟ್ಟಿನಿಂದ ಬಿಡಿಸಿಕೊಂಡು ಹರಿಯಲು ಎಲೆಕ್ಟ್ರಾನ್ ದಾಟಬೇಕಾದ ಶಕ್ತಿಯ ಅಂತರ) ಇಲ್ಲವೆನ್ನುವಷ್ಟು ಕಡಿಮೆ. ಗ್ಯಾಪ್ ಇಲ್ಲದೆ ಟ್ರಾನ್ಸಿಸ್ಟರನ್ನು ಪೂರ್ತಿ ಆಫ್ ಮಾಡಲಾಗದು. ಪ್ರತಿ ಪರಮಾಣುವಿಗೂ ಒಂದೊಂದು ಹೈಡ್ರೋಜನ್ ಕೂಡಿಸಿದರೆ ಒಂಟಿ ಎಲೆಕ್ಟ್ರಾನ್ ಅಲ್ಲೇ ಕಟ್ಟುಬೀಳುತ್ತದೆ, ಗ್ಯಾಪ್ 2 ಎಲೆಕ್ಟ್ರಾನ್‌ವೋಲ್ಟ್ ದಾಟುತ್ತದೆ ಎನ್ನುತ್ತವೆ ಲೆಕ್ಕಾಚಾರಗಳು. ನಿಮ್ಮ ಪ್ಯಾನೆಲ್ಲಿನ ಸಿಲಿಕಾನಿನದು 1.1. ಫ್ಲೋರಿನ್ ಕೂಡಿಸಿದರೆ ಗ್ಯಾಪ್ ಹುಟ್ಟುತ್ತದಾದರೂ ಅಷ್ಟು ಅಗಲವಾಗುವುದಿಲ್ಲ.

ಬರಿಯ ಸಿಲಿಸೀನಿನ ಸುದ್ದಿ ಹೆಚ್ಚಾಯಿತು, ಸಿಲಾಕ್ಸೀನಿನದು ಕಡಿಮೆಯಾಯಿತು ಎಂಬುದು ನನ್ನ ತಕರಾರು. 1863ರಲ್ಲೇ ಜರ್ಮನಿಯ ಫ್ರೀಡ್ರಿಕ್ ವೋಲರ್ (ಪ್ರಯೋಗಶಾಲೆಯಲ್ಲಿ ಯೂರಿಯಾ ತಯಾರಿಸಿದವನೇ) ಕ್ಯಾಲ್ಸಿಯಂ ಡೈಸಿಲಿಸೈಡನ್ನು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿ ಹಳದಿ ವಸ್ತುವೊಂದನ್ನು ಪಡೆದಿದ್ದ. ಆ ಡೈಸಿಲಿಸೈಡಿನಲ್ಲಿ ಸಿಲಿಕಾನ್ ಮೊದಲೇ ಹಾಳೆ ಹಾಳೆಯಾಗಿ, ನಡುನಡುವೆ ಕ್ಯಾಲ್ಸಿಯಂ ಇಟ್ಟುಕೊಂಡು ಕುಳಿತಿರುತ್ತದೆ. ಆಮ್ಲ ಕ್ಯಾಲ್ಸಿಯಂ ಕರಗಿಸಿ ಒಯ್ಯುತ್ತದೆ. ಆ ಜಾಗಕ್ಕೆ ಹೈಡ್ರೋಜನ್, ಹೈಡ್ರಾಕ್ಸಿಲ್ ಬಂದು ಹಾಳೆಯ ಎರಡೂ ಮೈಗೆ ಅಂಟುತ್ತವೆ, ಅದೇ ಹಳದಿ ಸಿಲಾಕ್ಸೀನ್. ಅದರ ಮೇಲೆ ನೇರಳಾತೀತ ಕಿರಣ ಬಿಟ್ಟರೆ ಹೊಳೆಯುತ್ತದೆ. ಸಾಮಾನ್ಯ ಸಿಲಿಕಾನ್ ಬೆಳಕು ಕೊಡುವುದರಲ್ಲಿ ಮಹಾ ಜಿಪುಣ.

ಹಾಳೆಗೆ ಹೈಡ್ರೋಜನ್ ಅಂಟಿಸುವ ಇಂಥದೇ ಕೆಲಸ ಗ್ರ್ಯಾಫೀನಿನಲ್ಲಿ ನಮ್ಮ ಬೆಂಗಳೂರಿನ ಜಕ್ಕೂರಿನಲ್ಲೇ ನಡೆದಿದೆ. ಅಲ್ಲಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್, ಉಮೇಶ್ ವಾಘ್ಮಾರೆ ಮತ್ತು ಸಂಗಡಿಗರು ಕೆಲವೇ ಪದರಗಳ ಗ್ರ್ಯಾಫೀನಿಗೆ ತೂಕದ ಶೇ. 5ರಷ್ಟು ಹೈಡ್ರೋಜನ್ ಸೇರಿಸಿ 2011ರಲ್ಲಿ ಪ್ರಕಟಿಸಿದರು. ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಆ ಹೈಡ್ರೋಜನ್ ಮತ್ತೆ ಹೊರಬರುತ್ತದೆ.

ಇನ್ನು ನಿಮ್ಮ ಪ್ಯಾನೆಲ್ಲಿನ ಬಿಲ್ಲೆ ಮಿಲಿಮೀಟರಿನ ಆರನೇ ಒಂದರಷ್ಟು ದಪ್ಪವಿದ್ದರೆ ಅದರಲ್ಲಿ ಸಿಲಿಕಾನಿನ ಇಂಥ ಹಾಳೆಗಳು ಐದು ಲಕ್ಷಕ್ಕೂ ಮಿಕ್ಕಿ. ಬಿಸಿಲು ಹೀರಲು ಆ ದಪ್ಪ ಬೇಕು, ಒಂದೇ ಪದರ ಸಾಲದು. ಸಿಲಾಕ್ಸೀನಿಗೆ ಈಗ ಹೆಚ್ಚಿನ ಹುಡುಕಾಟ ನಡೆದಿರುವುದು ಬ್ಯಾಟರಿಯಲ್ಲಿ: ಲಿಥಿಯಂ ಹೀರಿದ ಸಿಲಿಕಾನ್ ಮೂರು ಪಟ್ಟಿಗೂ ಮಿಕ್ಕಿ ಉಬ್ಬಿ ಬಿರಿಯುತ್ತದೆ, ಹಾಳೆಗಳಾದರೆ ನಡುವೆ ಉಬ್ಬಲು ಜಾಗವಿರುತ್ತದೆ.